ಗೋಡೆ ದಾಟಿ ಬಂದ ಚಿತ್ರಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ಬಂತೆಂದರೆ ಕಲಾ ವಸ್ತುಸಂಗ್ರಹಾಲಯಗಳಿಗೆ ಕೈತುಂಬ ಕೆಲಸ. ಶಾಲೆಗೆ ರಜೆ ಸಿಕ್ಕ ಮಕ್ಕಳು, ಪ್ರವಾಸಕ್ಕೆ ಬಂದವರು, ಬಿಸಿಲಿಗೆ ಬಳಲಿ ತಂಪು ಹುಡುಕುವವರು, ಎಲ್ಲರೂ ಒಮ್ಮೆಯಾದರೂ ಒಳಗೆ ಕಾಲಿಡುವ ಕಾಲ ಅದು. ಹೊಸ ಪ್ರದರ್ಶನ, ಮಕ್ಕಳಿಗೆ ಚಿತ್ರಕಲಾ ಶಿಬಿರ, ಸಂಜೆ ಅಂಗಳದಲ್ಲಿ ಸಂಗೀತ, ಕಲಾವಿದರ ಜತೆ ಮಾತುಕತೆ. ಇಷ್ಟೆಲ್ಲ ನಡೆಯುವುದು ಟಿಕೆಟ್ ಹಣದಿಂದ ಎಂದು ನಾವು ಅಂದುಕೊಂಡಿರುತ್ತೇವೆ. ಬಹುಪಾಲು ಕಡೆ ಟಿಕೆಟ್ ಹಣ ಖರ್ಚಿನ ಸಣ್ಣದೊಂದು ಭಾಗವನ್ನಷ್ಟೇ ತುಂಬುತ್ತದೆ. ಉಳಿದ ಭಾರಕ್ಕೆ ಹೆಗಲು ಕೊಡುವವರಲ್ಲಿ ಸರ್ಕಾರ ಉಂಟು, ಶ್ರೀಮಂತ ದಾನಿಗಳುಂಟು. ಅವರ ಜತೆಗೆ, ಹೆಸರು ಎಲ್ಲೂ ಕೆತ್ತಿಸಿಕೊಳ್ಳದ ಸಾಮಾನ್ಯ ಜನರೂ ಇದ್ದಾರೆ. ಇವತ್ತಿನ ನನ್ನ ಮಾತು ಅವರ ಬಗ್ಗೆ.

ಬೇಸಿಗೆ ಪ್ರದರ್ಶನ ಎಂದಾಗ ಮೊದಲು ನೆನಪಾಗುವುದು ಲಂಡನ್ನಿನ ರಾಯಲ್ ಅಕಾಡೆಮಿ. 1768ರಲ್ಲಿ ಹುಟ್ಟಿದ ಆ ಸಂಸ್ಥೆ ಮರುವರ್ಷವೇ ಮೊದಲ ಪ್ರದರ್ಶನ ನಡೆಸಿತು. ಅಂದಿನಿಂದ ಎರಡು ಮಹಾಯುದ್ಧಗಳ ಕಾಲದಲ್ಲೂ ಒಂದು ವರ್ಷ ತಪ್ಪಿಸಿಲ್ಲ. ಹೆಸರಾಂತ ಕಲಾವಿದರಷ್ಟೇ ಅಲ್ಲ, ಯಾರು ಬೇಕಾದರೂ ಕೃತಿ ಕಳಿಸಬಹುದು, ಆಯ್ಕೆಯಾದರೆ ಗೋಡೆಯ ಮೇಲೆ ಜಾಗ. ಚಿತ್ರಗಳನ್ನು ಒಂದರ ಮೇಲೊಂದು ಒತ್ತೊತ್ತಾಗಿ ತೂಗುಹಾಕಿರುತ್ತಾರೆ. ಹೆಚ್ಚಿನವು ಮಾರಾಟಕ್ಕಿರುತ್ತವೆ, ಮಾರಾಟವಾದದ್ದರ ಪಕ್ಕ ಪುಟ್ಟದೊಂದು ಕೆಂಪು ಚುಕ್ಕೆ ಬೀಳುತ್ತದೆ. ಅಚ್ಚು ತೆಗೆದ ಮುದ್ರಣ ಚಿತ್ರವಾದರೆ ಒಂದೇ ಚಿತ್ರಕ್ಕೆ ಹಲವು ಪ್ರತಿ, ಹಾಗಾಗಿ ಅದರ ಸುತ್ತ ಚುಕ್ಕೆಗಳ ಗೊಂಚಲೇ ಇರುತ್ತದೆ. ಈ ಪ್ರದರ್ಶನದ ಗಳಿಕೆ ಅಕಾಡೆಮಿಯ ಕಲಾಶಾಲೆಗೆ ಆಸರೆ. ಅಲ್ಲಿ ಕಲಿಯುವವರು ಶುಲ್ಕ ಕಟ್ಟಬೇಕಿಲ್ಲ. ಗೋಡೆಗೆ ಹಾಕಲು ಸಣ್ಣ ಚಿತ್ರವೊಂದನ್ನು ಕೊಂಡವರೂ ನಾಳಿನ ಕಲಾವಿದನ ಓದಿಗೆ ನೆರವಾದಂತೆ.

ಈಗ ಪ್ರದರ್ಶನದ ಒಳಗಿನ ಖರ್ಚಿನ ಬಗ್ಗೆ ಒಂದು ಮಾತು. ಜಲವರ್ಣ, ಕಾಗದದ ಮೇಲಿನ ರೇಖಾಚಿತ್ರ, ಹಳೆಯ ಜವಳಿ, ಇವೆಲ್ಲ ಬೆಳಕಿಗೆ ಸೋಲುವ ವಸ್ತುಗಳು. ಒಮ್ಮೆ ಮಾಸಿದ ಬಣ್ಣ ಮತ್ತೆ ಬರುವುದಿಲ್ಲ. ಹಾಗಾಗಿ ಅವುಗಳಿರುವ ಕೋಣೆಯಲ್ಲಿ ಬೆಳಕನ್ನು ಸಾಮಾನ್ಯವಾಗಿ 50 ಲಕ್ಸ್ ಆಸುಪಾಸಿಗೆ ಇಳಿಸಿರುತ್ತಾರೆ. ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಅಳತೆ. ಓದುವ ಮೇಜಿಗೆ 300ರಿಂದ 500 ಲಕ್ಸ್ ಬೇಕು, ಹೊರಗೆ ನಡುಹಗಲ ಬಿಸಿಲಿನಲ್ಲಿ ಅದು ಒಂದು ಲಕ್ಷದವರೆಗೆ ಏರುತ್ತದೆ. ಬಿಸಿಲಿನಿಂದ ನೇರ ಒಳಗೆ ಬಂದವರಿಗೆ ಕೋಣೆ ಕತ್ತಲೆಯಾಗಿ ಕಾಣುವುದು ಅದಕ್ಕೇ. ದಯವಿಟ್ಟು ಬೇಸರಿಸಿ ಹೊರಡಬೇಡಿ. ಕೆಲವು ನಿಮಿಷ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ, ಆಮೇಲೆ ಗೆರೆಗಳು ಒಂದೊಂದಾಗಿ ಎದ್ದು ಬರುತ್ತವೆ.

ಬೆಳಕಿನದು ಒಂದು ಚಿಂತೆಯಾದರೆ ತೇವದ್ದು ಇನ್ನೊಂದು. ಮರದ ಹಲಗೆಯ ಮೇಲೆ ಬರೆದ ಹಳೆಯ ಚಿತ್ರಗಳಿವೆಯಲ್ಲ, ಗಾಳಿಯ ತೇವ ಏರಿದರೆ ಆ ಹಲಗೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಅದರ ಮೇಲಿನ ಬಣ್ಣ ಬಿರುಕು ಬಿಟ್ಟು ಚಕ್ಕೆಯೇಳುತ್ತದೆ. ಬೇಸಿಗೆಯಲ್ಲಿ ಗುಂಪುಗುಂಪಾಗಿ ಬರುವ ನಾವು ನಮ್ಮ ಮೈ ಬಿಸಿಯನ್ನೂ ಉಸಿರಿನ ತೇವವನ್ನೂ ಒಳಗೆ ತರುತ್ತೇವೆ. ಅದನ್ನು ಸರಿದೂಗಿಸಲು ತಂಪು ಯಂತ್ರಗಳು ಹಗಲು ರಾತ್ರಿ ಓಡಬೇಕು. ಹೊಸ ಕಟ್ಟಡಕ್ಕೆ ತಮ್ಮ ಹೆಸರಿಡಲು ದಾನಿಗಳು ಸಿಕ್ಕಾರು. ಕರೆಂಟ್ ಬಿಲ್ಲಿಗೆ ಹೆಸರು ಕೊಡುವವರು ಯಾರು? ವರ್ಷ ವರ್ಷ ಸದಸ್ಯತ್ವ ನವೀಕರಿಸುವ ಜನ, ಪೆಟ್ಟಿಗೆಗೆ ನೋಟು ಹಾಕಿ ಹೋಗುವ ಜನ. ಅವರ ಹಣ ಇಂಥ ಕಣ್ಣಿಗೆ ಬೀಳದ ಖರ್ಚಿಗೂ ಒದಗುತ್ತದೆ. ಅದರ ಬೆಲೆ ದೊಡ್ಡದು ಎಂದು ನಾನು ಮನಸಾರೆ ನಂಬಿದ್ದೇನೆ.

ಆದರೆ ಜನ ಸುಮ್ಮನೆ ಕೊಡುವುದಿಲ್ಲ, ಇದು ನಮ್ಮದು ಅನ್ನಿಸಬೇಕು. 2007ರ ಬೇಸಿಗೆಯಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ ತನ್ನ ಹೆಸರಾಂತ ಚಿತ್ರಗಳ ನಕಲುಗಳನ್ನು ಚೌಕಟ್ಟು ಹಾಕಿಸಿ ಬೀದಿಗೋಡೆಗಳ ಮೇಲೆ ತೂಗುಹಾಕಿತು. ಸೋಹೊ, ಕೋವೆಂಟ್ ಗಾರ್ಡನ್ ಬೀದಿಗಳಲ್ಲಿ ಕೆಲಸಕ್ಕೆ ಓಡುವವರು ತಲೆಯೆತ್ತಿದರೆ ಎದುರಿಗೆ ಹಳೆಯ ಮಹಾಕೃತಿ! ಅಮೆರಿಕದ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ 2010ರಲ್ಲಿ ಇಂಥದ್ದೇ ಕೆಲಸಕ್ಕೆ ಕೈಹಾಕಿತು. ನಗರದ ಸುತ್ತಲಿನ ಸಣ್ಣ ಊರುಗಳಲ್ಲಿ, ಉದ್ಯಾನಗಳಲ್ಲಿ, ಅಂಗಡಿ ಸಾಲುಗಳಲ್ಲಿ ಚಿತ್ರಗಳ ನಕಲುಗಳನ್ನು ಇರಿಸಿತು. ಮುಂದಿನ ವರ್ಷಗಳಲ್ಲೂ ಇದು ನಡೆಯಿತು.

ಈ ಡೆಟ್ರಾಯಿಟ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1885ರಲ್ಲಿ ಶುರುವಾದ ಸಂಸ್ಥೆ ಅದು. ಅದರ ಅಂಗಳದ ಗೋಡೆಗಳ ಮೇಲೆ ಮೆಕ್ಸಿಕೊದ ಡಿಯೆಗೊ ರಿವೆರಾ 1932–33ರಲ್ಲಿ ಬರೆದ 27 ಭಿತ್ತಿಚಿತ್ರಗಳಿವೆ. ಯಂತ್ರಗಳ ನಡುವೆ ಮೈಬಗ್ಗಿಸಿ ದುಡಿಯುವ ಮೋಟಾರು ಕಾರ್ಖಾನೆಯ ಕಾರ್ಮಿಕರೇ ಅಲ್ಲಿ ನಾಯಕರು. ಇದಲ್ಲದೆ ಬ್ರೂಗಲ್ 1566ರ ಹೊತ್ತಿನಲ್ಲಿ ಬರೆದ ಮದುವೆ ಕುಣಿತದ ಚಿತ್ರವಿದೆ, 1887ರ ಬೇಸಿಗೆಯಲ್ಲಿ ವ್ಯಾನ್ ಗೋ ಹುಲ್ಲುಟೋಪಿ ಇಟ್ಟುಕೊಂಡು ಬರೆದುಕೊಂಡ ಸ್ವಂತ ಮುಖವಿದೆ. ಈ ಕೊನೆಯ ಎರಡೂ ನಗರಸಭೆಯೇ ಕೊಂಡ ಚಿತ್ರಗಳು, ಎಂದರೆ ಜನರ ದುಡ್ಡಿನವು.

2012ರ ಆಗಸ್ಟ್‌ನಲ್ಲಿ ಸುತ್ತಲಿನ ಮೂರು ಕೌಂಟಿಗಳ, ಎಂದರೆ ನಮ್ಮ ಜಿಲ್ಲೆಗಳಂಥ ಆಡಳಿತ ಭಾಗಗಳ, ಜನರ ಮುಂದೆ ಒಂದು ಪ್ರಶ್ನೆ ಬಂತು: ಸಂಗ್ರಹಾಲಯಕ್ಕಾಗಿ ಹತ್ತು ವರ್ಷ ಹೆಚ್ಚುವರಿ ಆಸ್ತಿ ತೆರಿಗೆ ಕಟ್ಟುತ್ತೀರಾ? ಒಂದೂವರೆ ಲಕ್ಷ ಡಾಲರ್ ಬೆಲೆಯ ಮನೆಗೆ ವರ್ಷಕ್ಕೆ ಸುಮಾರು 15 ಡಾಲರ್. ಮೂರೂ ಕೌಂಟಿಗಳು ಒಪ್ಪಿದವು, ಮಕೋಂಬ್ ಕೌಂಟಿಯಲ್ಲಿ ಮಾತ್ರ ಕೂದಲೆಳೆಯ ಅಂತರ. ಆ ಕೌಂಟಿಗಳ ನಿವಾಸಿಗಳಿಗೆ ಪ್ರವೇಶ ಉಚಿತವಾಯಿತು. ಊರೂರಿಗೆ ಹೋದ ಚಿತ್ರಗಳಿಗೂ ಈ ಗೆಲುವಿನಲ್ಲಿ ಪಾಲಿದೆ ಎಂದೇ ನನ್ನ ಅನಿಸಿಕೆ. ತಮ್ಮ ಬೀದಿಯಲ್ಲಿ ಕಂಡದ್ದನ್ನು ಜನ ಪರಕೀಯ ಎನ್ನಲಾರರು.

ಮರುವರ್ಷ, 2013ರ ಜುಲೈನಲ್ಲಿ, ಡೆಟ್ರಾಯಿಟ್ ನಗರವೇ ದಿವಾಳಿ ಅರ್ಜಿ ಹಾಕಿತು. ನಗರಕ್ಕೆ ಸಾಲ ಕೊಟ್ಟವರ ಕಣ್ಣು ಚಿತ್ರಗಳ ಮೇಲೆ ಬಿತ್ತು. ಹರಾಜು ಸಂಸ್ಥೆಯಿಂದ ಬೆಲೆ ಕಟ್ಟಿಸಿದ್ದೂ ಆಯಿತು. ಕೃತಿ ಮಾರಿದರೆ ತೆರಿಗೆ ಹಣ ನಿಲ್ಲಿಸುತ್ತೇವೆ ಎಂದು ಕೌಂಟಿಗಳ ಕಡೆಯಿಂದ ಎಚ್ಚರಿಕೆ ಬಂತು. ಇನ್ನೊಂದು ಬದಿಯಲ್ಲಿ ನಗರದ ನಿವೃತ್ತ ನೌಕರರು ಕೈಲಿದ್ದ ಪಿಂಚಣಿ ಜಾರುತ್ತದೆಂಬ ಭಯದಲ್ಲಿದ್ದರು. ಅನ್ನ ದೊಡ್ಡದೋ ಚಿತ್ರ ದೊಡ್ಡದೋ ಎಂದು ಯಾರಾದರೂ ಕೇಳಿದ್ದರೆ ಅದು ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಪ್ರತಿಷ್ಠಾನಗಳು, ಮಿಷಿಗನ್ ರಾಜ್ಯ ಮತ್ತು ಸಂಗ್ರಹಾಲಯ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಹಣ ಒಟ್ಟುಗೂಡಿಸುವ ಒಪ್ಪಂದ ಮಾಡಿಕೊಂಡರು. ಹಣ ಪಿಂಚಣಿ ನಿಧಿಗೆ, ಚಿತ್ರಗಳು ಮಾರಾಟಕ್ಕಿಲ್ಲ, ಒಡೆತನ ಲಾಭರಹಿತ ಸಂಸ್ಥೆಗೆ. ಪಿಂಚಣಿಯ ಮೇಲೆ ಬೀಳಲಿದ್ದ ದೊಡ್ಡ ಕತ್ತರಿ ಸಣ್ಣದಾಯಿತು, ಆದರೆ ಪೂರ್ತಿ ತಪ್ಪಲಿಲ್ಲ. 2014ರ ಬೇಸಿಗೆಯಲ್ಲಿ ನಿವೃತ್ತರು ಆ ಕಡಿತವನ್ನು ಒಪ್ಪಿ ಮತ ಹಾಕಿದರು. ಅವರಿಗೆ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ ಎಂಬುದೂ ನಿಜ. ಹಾಗಿದ್ದರೂ, ಆ ಸಂಗ್ರಹಾಲಯಕ್ಕೆ ಬಂದ ಕೊಡುಗೆಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ನಾನು ಅವರ ಕಡೆ ಕೈ ತೋರಿಸುತ್ತೇನೆ. 2020ರ ಮಾರ್ಚ್‌ನಲ್ಲಿ ಮೂರೂ ಕೌಂಟಿಗಳ ಮತದಾರರು ತೆರಿಗೆಯನ್ನು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿದರು.

ಬೆಂಬಲವೆಂದರೆ ಹಣವೇ ಆಗಬೇಕಿಲ್ಲ. ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ 1907ರಲ್ಲೇ ಬಂದವರನ್ನು ಚಿತ್ರದ ಮುಂದೆ ನಿಲ್ಲಿಸಿ ವಿವರಿಸುವ ಮಾರ್ಗದರ್ಶಿಗಳ ಏರ್ಪಾಟು ಶುರುವಾಯಿತು. ಇಂದು ಎಷ್ಟೋ ಕಡೆ ಆ ಕೆಲಸ ಮಾಡುವವರು ಸ್ವಯಂಸೇವಕರು. ಒಳ್ಳೆಯ ಮಾರ್ಗದರ್ಶಿ ಇಸವಿ ಒಪ್ಪಿಸುವುದಿಲ್ಲ, ಮಗುವಿನ ಎತ್ತರಕ್ಕೆ ಕುಳಿತು "ನಿನಗೇನು ಕಾಣಿಸ್ತಿದೆ?" ಅಂತ ಕೇಳುತ್ತಾರೆ. ಶಿಬಿರದಲ್ಲಿ ಬಣ್ಣ ಹಂಚುವುದಕ್ಕೆ, ಗಾಲಿಕುರ್ಚಿ ತಳ್ಳುವುದಕ್ಕೆ, ಕಣ್ಣು ಕಾಣದವರಿಗೆ ಚಿತ್ರವನ್ನು ಮಾತಿನಲ್ಲಿ ಕಟ್ಟಿಕೊಡುವುದಕ್ಕೂ ಜನ ಬೇಕು.

ಈ ಬೇಸಿಗೆಯಲ್ಲಿ ಪ್ರದರ್ಶನಕ್ಕೆ ಹೋದರೆ ಹೊರಡುವ ಮುನ್ನ ಅಲ್ಲಿನವರನ್ನು ಒಂದು ಮಾತು ಕೇಳಿ: ನಿಮಗೆ ಯಾವ ಕೆಲಸಕ್ಕೆ ಕೈ ಸಾಲುತ್ತಿಲ್ಲ? ವಾರದಲ್ಲಿ ಅರ್ಧ ದಿನ ಬಿಡುವಿದೆ ಎಂದರೆ ಬೇಡ ಎನ್ನುವ ಸಂಗ್ರಹಾಲಯ ಸಿಗುವುದು ಅಪರೂಪ. ಬಿಡುವಿಲ್ಲದಿದ್ದರೆ, ಈವರೆಗೆ ಅಂಥ ಜಾಗಕ್ಕೆ ಬಂದೇ ಇರದ ಒಬ್ಬರನ್ನು ಮುಂದಿನ ಸಲ ಜತೆಗೆ ಕರೆದುಕೊಂಡು ಹೋಗಿ.

ನಮಸ್ಕಾರ.