ಈ ಸಾಲು ಎಲ್ಲಿಂದ ಬಂತು?

ಕೇಳುಗರೇ, ನಮಸ್ಕಾರ. ಕಂಪ್ಯೂಟರಿನ ತಂತ್ರಾಂಶದಲ್ಲಿ ಒಂದು ಸಾಲು ಎಲ್ಲಿಂದ ಬಂತು ಎಂದು ಹುಡುಕುವ ಕೆಲಸದ ಬಗ್ಗೆ ಇವತ್ತು ಮಾತು. ಶುರು ಮಾಡುವುದು ನಮ್ಮ ತೋಡಿನಿಂದ.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ತೋಟದ ಕೆಳಗೆ ಒಂದು ತೋಡು ಹರಿಯುತ್ತದೆ. ಮಳೆಗಾಲ ಮುಗಿದು ನೀರು ಇಳಿಯುತ್ತಿದ್ದ ಹಾಗೆ ಅದಕ್ಕೆ ಕಟ್ಟ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ಕ್ರಮ. ಹತ್ತಿರದ ಏತಡ್ಕದ ಕಡೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಕಲ್ಲು, ಮಣ್ಣು, ಅಡಕೆ ಮರದ ಸಲಕೆ, ಈಗೀಗ ಪ್ಲಾಸ್ಟಿಕ್ ಹಾಳೆ. ನಾಲ್ಕು ಮನೆಯವರು ಸೇರಿ ಹಾಕುತ್ತಾರೆ, ನಾಲ್ಕು ಮನೆಯ ಬಾವಿಯಲ್ಲೂ ನೀರು ನಿಲ್ಲುತ್ತದೆ.

ಕಟ್ಟದಲ್ಲಿ ಎಲ್ಲಾದರೂ ನೀರು ಸೋರಿದರೆ ನಮ್ಮ ಅಜ್ಜ ಸೋರುವ ಜಾಗಕ್ಕೆ ಮಣ್ಣು ಮೆತ್ತುತ್ತಿರಲಿಲ್ಲ. ಒಳಬದಿಯ ನೀರಿಗೆ ಇಳಿದು, ಕಲ್ಲಿನ ಸಂದು ಸಂದಿಗೂ ಅಂಗೈ ಹಿಡಿಯುತ್ತಾ ಹೋಗುತ್ತಿದ್ದರು. ತೂತು ಇರುವಲ್ಲಿ ನೀರು ಕೈಯನ್ನು ಎಳೆಯುತ್ತದೆ. ನಾನೂ ಕೈಯಿಟ್ಟು ನೋಡಿದ್ದೇನೆ. ಹೊರಗೆ ನೀರು ಕಾಣುವ ಜಾಗಕ್ಕೂ ಒಳಗೆ ನೀರು ಹೊಕ್ಕುವ ಜಾಗಕ್ಕೂ ಒಮ್ಮೊಮ್ಮೆ ಎರಡು ಮಾರು ದೂರ ಇರುತ್ತಿತ್ತು.

ಈಗ ನಾನು ಮಾಡುವ ಕೆಲಸವೂ ಹೆಚ್ಚುಕಡಿಮೆ ಇದೇ. ನಾನು ಲಿನಕ್ಸ್ ಕರ್ನಲ್‌ನ ದೋಷಗಳನ್ನು ಹುಡುಕಿ ತಿದ್ದುತ್ತೇನೆ.

ಕರ್ನಲ್ ಎಂದರೆ ಕಂಪ್ಯೂಟರಿನ ಎಲ್ಲಕ್ಕಿಂತ ಒಳಗಿನ ತಂತ್ರಾಂಶ. ನೀವು ಕೀಲಿ ಒತ್ತಿದರೆ ಅದನ್ನು ಮೊದಲು ತಿಳಿಯುವುದು ಅದು. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಎಷ್ಟು ಜಾಗ ಎಂದು ಹಂಚುವುದೂ ಅದೇ. ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆದರೆ ಅದರೊಳಗೆ ಇರುವುದು ಲಿನಕ್ಸ್ ಕರ್ನಲ್. ಕೇರಳದ ಸರಕಾರಿ ಶಾಲೆಗಳ ಕಂಪ್ಯೂಟರಿನಲ್ಲೂ ಅದೇ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಐಟಿ ಪಾಠ ಕಲಿಯುವುದು ಅದರಲ್ಲೇ.

ಹೋದ ವರ್ಷ ಬೇಸಿಗೆಯಲ್ಲಿ ಹತ್ತಿರದ ಮನೆಯ ಹುಡುಗ ತನ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಪ್ಲಸ್ ಟು ಓದುವವನು. "ಮಾವ, ಅಪ್‌ಡೇಟ್ ಆದ ಮೇಲೆ ಟಚ್‌ಪ್ಯಾಡ್ ಕೆಲಸ ಮಾಡುವುದಿಲ್ಲ" ಎಂದ. ಸರಿಯಾಗಿ ಕೇಳಿದಾಗ ವಿಷಯ ಹೊರಬಂತು. ಹೊಸದಾಗಿ ಆನ್ ಮಾಡಿದರೆ ಸರಿ ಇರುತ್ತದೆ. ಮುಚ್ಚಿಟ್ಟು ಊಟ ಮಾಡಿ ಬಂದು ತೆರೆದರೆ ಇಲ್ಲ. ಎಷ್ಟು ಚೆನ್ನಾಗಿ ಗಮನಿಸಿದ್ದ ನೋಡಿ! ದೋಷ ಹೇಳುವಾಗ ಇಷ್ಟು ಹೇಳಿದರೆ ಅರ್ಧ ಕೆಲಸ ಆದ ಹಾಗೆ.

ಹಳೆಯ ಕರ್ನಲ್‌ನಲ್ಲಿ ಸರಿ ಇತ್ತು, ಹೊಸದರಲ್ಲಿ ಇಲ್ಲ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಒಂಬತ್ತು ಹತ್ತು ವಾರ. ಆ ಎಡೆಯಲ್ಲಿ ಲೋಕದ ಎಲ್ಲ ಕಡೆಯಿಂದ ಹದಿಮೂರು ಹದಿನಾಲ್ಕು ಸಾವಿರ ಬದಲಾವಣೆಗಳು ಬಂದು ಸೇರಿರುತ್ತವೆ. ಅದರಲ್ಲಿ ಯಾವುದೋ ಒಂದು ಈ ಹುಡುಗನ ಟಚ್‌ಪ್ಯಾಡನ್ನು ಕೆಡಿಸಿದೆ. ಹೇಗೆ ಹುಡುಕುವುದು?

ಅರ್ಧ ಮಾಡುವುದು. ನಡುವಿನ ಒಂದು ಬದಲಾವಣೆಯವರೆಗೆ ಮಾತ್ರ ತೆಗೆದುಕೊಂಡು ಕರ್ನಲ್ ಕಟ್ಟಬೇಕು, ಅಂದರೆ ಬರೆದ ಸಾಲುಗಳನ್ನು ಯಂತ್ರ ನಡೆಸುವ ರೂಪಕ್ಕೆ ತರಬೇಕು. ಅದು ಸರಿ ಇದ್ದರೆ ತಪ್ಪು ಆಮೇಲಿನ ಅರ್ಧದಲ್ಲಿದೆ, ಕೆಟ್ಟಿದ್ದರೆ ಮೊದಲಿನ ಅರ್ಧದಲ್ಲಿ. ಮತ್ತೆ ಆ ಅರ್ಧವನ್ನು ಅರ್ಧ ಮಾಡಬೇಕು. ಹದಿನಾಲ್ಕು ಸಾವಿರ ಇದ್ದದ್ದು ಹದಿನಾಲ್ಕೇ ಸಲದಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಇದಕ್ಕೆ ಬೈಸೆಕ್ಟ್ ಎನ್ನುತ್ತೇವೆ.

ಹೇಳುವುದಕ್ಕೆ ಸುಲಭ. ಒಂದೊಂದು ಸಲ ಕಟ್ಟುವುದಕ್ಕೂ ಮುಕ್ಕಾಲು ಗಂಟೆ. ಆಮೇಲೆ ಮುಚ್ಚಬೇಕು, ಇಪ್ಪತ್ತರವರೆಗೆ ಎಣಿಸಬೇಕು, ತೆರೆಯಬೇಕು, ಬೆರಳಿಡಬೇಕು. ಸಂಜೆ ಗುಡುಗು ಬಂದರೆ ಕರೆಂಟು ಹೋಗುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಎರಡನೆಯ ದಿನ ನಾನೇ ಒಂದು ತಪ್ಪು ಮಾಡಿದೆ. ಈ ದೋಷ ಪ್ರತಿ ಸಲ ಬರುತ್ತಿರಲಿಲ್ಲ. ಐದು ಸಲದಲ್ಲಿ ಒಂದು ಸಲ ಟಚ್‌ಪ್ಯಾಡ್ ಸರಿಯಾಗಿಯೇ ಎದ್ದುಬಿಡುತ್ತಿತ್ತು. ನಾನು ಒಂದೇ ಸಲ ನೋಡಿ, ಕೆಟ್ಟದ್ದನ್ನು ಸರಿ ಎಂದು ಬರೆದುಬಿಟ್ಟೆ. ಅಲ್ಲಿಂದ ಮುಂದಿನದೆಲ್ಲ ದಾರಿ ತಪ್ಪಿತು. ಹಿಂದೆ ಹೋಗಿ ಮತ್ತೆ ಶುರು ಮಾಡಿದೆ. ಪ್ರತಿ ಕರ್ನಲ್‌ಗೂ ಹತ್ತು ಸಲ ಮುಚ್ಚಿ ತೆರೆಯುವುದು ಎಂದು ನಿಯಮ ಇಟ್ಟುಕೊಂಡೆ. ಮುಚ್ಚಿ ತೆರೆಯುವ ಕೆಲಸ ಹುಡುಗನದು, ಬರೆದುಕೊಳ್ಳುವುದು ನನ್ನದು.

ಕೊನೆಗೆ ಸಿಕ್ಕಿತು. ಯಾರೋ ಒಬ್ಬರು ಟಚ್‌ಪ್ಯಾಡನ್ನು ನಡೆಸುವ ಡ್ರೈವರ್ ಎಂಬ ಭಾಗದಿಂದ ಒಂದು ಸಾಲು ತೆಗೆದಿದ್ದರು. 20 ಮಿಲಿಸೆಕೆಂಡು ಕಾಯಬೇಕು ಎನ್ನುವ ಸಾಲು. ಇದು ಯಾಕೆ ಬೇಕು ಎಂದು ಅಲ್ಲಿ ಯಾರೂ ಬರೆದಿರಲಿಲ್ಲ. ಅವರ ಯಂತ್ರದಲ್ಲಿ ಅದು ಇಲ್ಲದೆಯೂ ನಡೆಯುತ್ತಿತ್ತು. ಈ ಹುಡುಗನ ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡಿಗೆ ನಿದ್ದೆಯಿಂದ ಏಳಲು ಅಷ್ಟು ಹೊತ್ತು ಬೇಕಾಗಿತ್ತು. ಅದು ಏಳುವ ಮೊದಲೇ ಕರ್ನಲ್ ಅದನ್ನು ಮಾತನಾಡಿಸುತ್ತಿತ್ತು, ಉತ್ತರ ಬರದೆ ಕೈಬಿಡುತ್ತಿತ್ತು.

ನಾನು ಸಾಲನ್ನು ಇದ್ದ ಹಾಗೇ ಹಿಂದಕ್ಕೆ ಹಾಕಿ ಕಳಿಸಿದೆ. ಆ ಭಾಗ ನೋಡಿಕೊಳ್ಳುವವರು ಒಪ್ಪಲಿಲ್ಲ. ಯಾಕೆ 20, ಯಾಕೆ 10 ಅಲ್ಲ? ಎಲ್ಲ ಯಂತ್ರಕ್ಕೂ ಬೇಕಾ, ಇದೊಂದಕ್ಕೆ ಸಾಕಾ? ಅಳತೆ ಮಾಡಿ ಎರಡನೆಯ ಸಲ ಕಳಿಸಿದೆ. ವಿವರಣೆ ಸಾಲದು ಎಂದರು. ಮೂರನೆಯ ಸಲಕ್ಕೆ ಒಪ್ಪಿದರು. ಆ ಸಾಲು ತೆಗೆದವರೇ ನನ್ನ ತಿದ್ದುಪಡಿಯನ್ನು ತಮ್ಮ ಯಂತ್ರದಲ್ಲಿ ಹಾಕಿ ನೋಡಿ, ಸರಿ ಇದೆ ಎಂದು ಬರೆದರು. ತಪ್ಪಾಯಿತು, ತಿದ್ದಿದ್ದಕ್ಕೆ ಧನ್ಯವಾದ ಎಂದೂ ಬರೆದರು. ಅವತ್ತು ನನಗೆ ತುಂಬ ಸಂತೋಷವಾಯಿತು.

ತಪ್ಪನ್ನು ಹೆಸರು ಹಿಡಿದು ಬರೆಯುವುದು ಇಲ್ಲಿನ ಪದ್ಧತಿ. ಪ್ರತಿ ಬದಲಾವಣೆಗೂ ಒಂದು ಉದ್ದದ ಗುರುತಿನ ಸಂಖ್ಯೆ ಉಂಟು. ದೋಷ ತಿದ್ದುವವನು, ಯಾವ ಬದಲಾವಣೆಯಿಂದ ದೋಷ ಬಂತೋ ಅದರ ಸಂಖ್ಯೆಯ ಮೊದಲ ಹನ್ನೆರಡು ಅಕ್ಷರಗಳನ್ನು ತನ್ನ ಟಿಪ್ಪಣಿಯಲ್ಲಿ ಬರೆಯುತ್ತಾನೆ. ಯಾವ ಯಾವ ಹಳೆಯ ಆವೃತ್ತಿಗೆ ಈ ಮದ್ದು ಹೋಗಬೇಕು ಎಂದು ಆಗ ಗೊತ್ತಾಗುತ್ತದೆ.

2016ರ ಅಕ್ಟೋಬರಿನಲ್ಲಿ ಡರ್ಟಿ ಕೌ ಎಂಬ ದೊಡ್ಡ ದೋಷ ಹೊರಬಂತು. ಸಾಮಾನ್ಯ ಬಳಕೆದಾರನೊಬ್ಬ ಅದನ್ನು ಹಿಡಿದು, ಬರೀ ಓದಲು ಮಾತ್ರ ಬಿಟ್ಟ ಕಡತದಲ್ಲಿ ಬರೆಯಬಹುದಿತ್ತು. ಹಾಗೆ ಇಡೀ ಯಂತ್ರವನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. 2007ರಿಂದಲೂ ಅದಕ್ಕೆ ಅವಕಾಶ ಇತ್ತು, ದೋಷದ ಬೇರು ಇನ್ನೂ ಹಳೆಯದು. ಅದನ್ನು ಮುಚ್ಚಿದವರು ಲಿನಸ್ ಟೋರ್ವಾಲ್ಡ್ಸ್, ಲಿನಕ್ಸ್ ಶುರು ಮಾಡಿದವರೇ. ತಿದ್ದುಪಡಿಯ ಟಿಪ್ಪಣಿಯಲ್ಲಿ ಅವರು ಏನು ಬರೆದರು ಗೊತ್ತಾ? ಇದು ತುಂಬ ಹಳೆಯ ದೋಷ, ಹನ್ನೊಂದು ವರ್ಷದ ಹಿಂದೆ ನಾನೇ ಇದನ್ನು ತಿದ್ದಲು ನೋಡಿದ್ದೆ, ಕೆಟ್ಟದಾಗಿ ತಿದ್ದಿದ್ದೆ, ಬೇರೆ ಒಂದು ಜಾತಿಯ ಯಂತ್ರದಲ್ಲಿ ತೊಂದರೆ ಆಯಿತೆಂದು ಆ ತಿದ್ದುಪಡಿಯನ್ನು ಆಮೇಲೆ ತೆಗೆಯಲಾಯಿತು ಎಂದು. ಇದೆಲ್ಲ ಇವತ್ತಿಗೂ ಕರ್ನಲ್‌ನ ಚರಿತ್ರೆಯಲ್ಲಿ ಉಂಟು, ಯಾರೂ ಓದಬಹುದು.

ಈ ಸಾಲುಗಳನ್ನು ಯಾರು ಹೇಗೆ ಬಳಸಬಹುದು ಎಂಬ ಲೈಸೆನ್ಸಿನ ಜಗಳಕ್ಕೆ ಈಗ ಬರುತ್ತೇನೆ. ಇದು ವಕೀಲರ ವಿಷಯ, ನಮಗೆ ಯಾಕೆ ಎಂದು ಕೆಲವರಿಗೆ ಅನಿಸಬಹುದು. ನನಗೆ ದೋಷ, ಲೈಸೆನ್ಸು ಎರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತದೆ. ಈ ಸಾಲು ಎಲ್ಲಿಂದ ಬಂತು?

ಲಿನಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಲಿನಕ್ಸ್ ಬರೆದರು. ಅದನ್ನು ಯಾರೂ ದುಡ್ಡಿಗೆ ಕೊಡಬಾರದು ಎಂದು ಮೊದಲು ಷರತ್ತು ಹಾಕಿದ್ದರು. 1992ರಲ್ಲಿ ಅದನ್ನು ಬಿಟ್ಟು, ಮುಕ್ತ ತಂತ್ರಾಂಶಕ್ಕಾಗಿ ರಿಚರ್ಡ್ ಸ್ಟಾಲ್‌ಮನ್ ಶುರು ಮಾಡಿದ ಗ್ನೂ ಯೋಜನೆಯ ಜಿಪಿಎಲ್ ಎಂಬ ಲೈಸೆನ್ಸನ್ನು ತೆಗೆದುಕೊಂಡರು. ಅದರ ಸಾರ ಇಷ್ಟು. ಬಳಸಿ, ತಿದ್ದಿ, ಬೇಕಾದರೆ ಮಾರಿ. ಆದರೆ ಯಾರಿಗೆ ಕೊಡುತ್ತೀರೋ ಅವರಿಗೆ ಮೂಲ ಬರಹವನ್ನೂ, ಅಂದರೆ ಮನುಷ್ಯರು ಬರೆದ ಸಾಲುಗಳನ್ನೂ ಕೊಡಬೇಕು, ನೀವು ತಿದ್ದಿದ್ದನ್ನೂ ಸೇರಿಸಿ, ಇದೇ ಷರತ್ತಿನ ಮೇಲೆ. ತೋಡಿನ ನೀರು ಎಲ್ಲರೂ ತೋಟಕ್ಕೆ ಬಿಡಬಹುದು, ಕೆಳಗಿನ ಮನೆಯವರಿಗೆ ಹೋಗದ ಹಾಗೆ ಮಾಡಬಾರದು. ಅಷ್ಟೇ ಅಲ್ವಾ?

2003ರ ಮಾರ್ಚಿನಲ್ಲಿ ಎಸ್‌ಸಿಒ ಎಂಬ ಅಮೆರಿಕದ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ಯುನಿಕ್ಸ್ ಎಂಬ ತನ್ನ ಹಳೆಯ ತಂತ್ರಾಂಶದ ಸಾಲುಗಳನ್ನು ಐಬಿಎಂ ಲಿನಕ್ಸ್‌ಗೆ ಸೇರಿಸಿದೆ, ನೂರು ಕೋಟಿ ಡಾಲರ್ ಕೊಡಬೇಕು ಎಂದು. ಆಗ ಲಿನಕ್ಸ್ ಬರೆಯುವವರಿಗೆ ಒಂದು ಕಷ್ಟ ಎದುರಾಯಿತು. ಲಕ್ಷ ಲಕ್ಷ ಸಾಲುಗಳು. ಒಂದೊಂದೂ ಯಾರಿಂದ ಬಂತು, ಯಾರ ಕೈ ದಾಟಿ ಬಂತು ಎಂದು ತೋರಿಸುವ ಒಂದು ಕ್ರಮ ಇರಲಿಲ್ಲ. 2004ರಲ್ಲಿ ಲಿನಸ್ ಹೊಸ ನಿಯಮ ತಂದರು. ಪ್ರತಿ ಬದಲಾವಣೆಯ ಕೆಳಗೂ ಬರೆದವರು ಸಹಿ ಹಾಕಬೇಕು. ಇದನ್ನು ನಾನೇ ಬರೆದದ್ದು, ಅಥವಾ ಇದೇ ಲೈಸೆನ್ಸಿನಲ್ಲಿ ಕೊಡುವ ಹಕ್ಕು ನನಗೆ ಉಂಟು ಎಂದು ಆ ಸಹಿಯ ಅರ್ಥ. ಮುಂದೆ ದಾಟಿಸುವವರೂ ಅದರ ಕೆಳಗೆ ಸಹಿ ಹಾಕುತ್ತಾರೆ. ನನ್ನ ಟಚ್‌ಪ್ಯಾಡಿನ ತಿದ್ದುಪಡಿಯ ಕೆಳಗೂ ಆ ಸಾಲು ಉಂಟು.

ದಾವೆಯ ಕತೆ ಎಳೆದು ಎಳೆದು ಬಂತು. ಯುನಿಕ್ಸ್‌ನ ಹಕ್ಕು ಎಸ್‌ಸಿಒ ಕೈಯಲ್ಲಿ ಇಲ್ಲವೇ ಇಲ್ಲ, ಅದು ನೊವೆಲ್ ಕಂಪನಿಯದು ಎಂದು 2007ರಲ್ಲಿ ನ್ಯಾಯಾಧೀಶರು ಹೇಳಿದರು, 2010ರಲ್ಲಿ ಜ್ಯೂರಿಯೂ ಹೇಳಿತು. ದಿವಾಳಿಯಾದ ಆ ಕಂಪನಿಯ ಉಳಿದ ವ್ಯಾಜ್ಯ 2021ರಲ್ಲಿ 1 ಕೋಟಿ 42 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಗಿ ಮುಗಿಯಿತು. ಆ ಸಹಿಯ ಪದ್ಧತಿ ಮಾತ್ರ ಈಗಲೂ ನಡೆಯುತ್ತಿದೆ.

ಓಪನ್ ಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ತಂತ್ರಾಂಶದವರು ಇದರಲ್ಲಿ ಇನ್ನೂ ಕಟ್ಟುನಿಟ್ಟು. ನೆಟ್‌ವರ್ಕಿನಿಂದ ಏನು ಒಳಗೆ ಬರಬಹುದು, ಏನು ಬರಬಾರದು ಎಂದು ನೋಡಲು ಅವರು ಬಳಸುತ್ತಿದ್ದ ಐಪಿ ಫಿಲ್ಟರ್‌ನಲ್ಲಿ ತಿದ್ದುಪಡಿ ಮಾಡಲು ಲೈಸೆನ್ಸು ಬಿಡುತ್ತದೆಯೋ ಇಲ್ಲವೋ ಎಂದು 2001ರಲ್ಲಿ ಜಗಳ ಬಂತು. ಚೆನ್ನಾಗಿ ನಡೆಯುತ್ತಿದ್ದ ಆ ಭಾಗವನ್ನೇ ಕಿತ್ತು ಹಾಕಿ ಕೆಲವೇ ತಿಂಗಳಲ್ಲಿ ಪಿಎಫ್ ಎಂಬ ಹೊಸದನ್ನು ಬರೆದರು. ಅದೇ ವರ್ಷ ಡಿಸೆಂಬರಿನಲ್ಲಿ ಅದು ಬಿಡುಗಡೆಯೂ ಆಯಿತು. ತಿದ್ದಲು ಬಿಡದ ಸಾಲು ನಮಗೆ ಬೇಡ ಎಂಬ ಅವರ ನಿಲುವು ನನಗೆ ಸರಿ ಎನಿಸುತ್ತದೆ.

ಯಾಕೆ ಸರಿ ಎಂದು ನಾನು ಪೆಟ್ಟು ತಿಂದೇ ಕಲಿತೆ. ಊರಿಗೆ ಬರುವ ಮೊದಲು ನಾನು ಒಂದು ಸಣ್ಣ ಕಂಪನಿಯಲ್ಲಿದ್ದೆ. ನೆಟ್‌ವರ್ಕಿಗೆ ಬೇಕಾದ ಡಬ್ಬಿಗಳನ್ನು ಮಾಡಿ ಮಾರುತ್ತಿದ್ದರು, ಒಳಗೆ ಲಿನಕ್ಸ್. ಮೂಲ ಬರಹ ಕೊಡಿ ಎಂದು ಗಿರಾಕಿಯೊಬ್ಬರು ಬರೆದರು. ಉತ್ತರ ಕೊಡುವುದು ಬೇಡ ಎಂದು ಮೇಲಿನವರು ಹೇಳಿದರು. ಆರು ತಿಂಗಳು ಸುಮ್ನೆ ಕೂತೆವು. ಅಷ್ಟರಲ್ಲಿ ಅದೇ ಡಬ್ಬಿಗಳು ವಾರಕ್ಕೊಮ್ಮೆ ತಾವಾಗಿ ನಿಂತುಹೋಗುವುದು ಶುರುವಾಯಿತು. ತಿದ್ದು ಎಂದು ನನಗೆ ಕೊಟ್ಟರು. ಅದರ ಕರ್ನಲ್‌ನ ಮೂಲ ಬರಹ ಎಲ್ಲಿದೆ ಎಂದು ಹುಡುಕಿದರೆ ನಮ್ಮ ಹತ್ತಿರವೇ ಇರಲಿಲ್ಲ! ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರು. ಅವರ ಕಂಪ್ಯೂಟರ್ ಅಳಿಸಿ ಬೇರೆಯವರಿಗೆ ಕೊಟ್ಟಾಗಿತ್ತು. ಡಬ್ಬಿಯೊಳಗೆ ಏನಿದೆಯೋ ಅದನ್ನು ಮತ್ತೆ ಕಟ್ಟಲು ನಮಗೇ ಆಗಲಿಲ್ಲ.

ಜಿಪಿಎಲ್ ಎರಡನೆಯ ಆವೃತ್ತಿಯಲ್ಲಿ ಒಂದು ಮಾತು ಉಂಟು. ಮೂಲ ಬರಹ ಎಂದರೆ ಬರೀ ಸಾಲುಗಳಷ್ಟೇ ಆಗುವುದಿಲ್ಲ, ಅದನ್ನು ಕಟ್ಟಲು ಮತ್ತು ಯಂತ್ರಕ್ಕೆ ಹಾಕಲು ಬಳಸಿದ ಆದೇಶಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್‌ಗಳೂ ಸೇರಬೇಕು ಎಂದು. ಅದನ್ನು ನಾನು ಮೊದಲು ಓದಿದಾಗ ಗಿರಾಕಿಗೆ ಕೊಡುವ ಸೌಲಭ್ಯ ಎಂದುಕೊಂಡಿದ್ದೆ. ಆ ಗಿರಾಕಿಗೆ ಕೊಡಲೇಬೇಕು ಎಂದು ಎಲ್ಲವನ್ನೂ ಜೋಡಿಸಿಟ್ಟಿದ್ದರೆ ಆ ದೋಷವನ್ನು ನಾನು ಒಂದು ವಾರದಲ್ಲಿ ತಿದ್ದುತ್ತಿದ್ದೆ.

ಸರಿಯಾಗಿ ಆದ ಉದಾಹರಣೆಯೂ ಉಂಟು. 2003ರಲ್ಲಿ ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ 54ಜಿ ಎಂಬ ವೈಫೈ ರೌಟರ್‌ನೊಳಗೆ ಲಿನಕ್ಸ್ ಇದೆ ಎಂದು ಜನ ಕಂಡುಹಿಡಿದರು. ಮೂಲ ಬರಹ ಕೇಳಿದರು, ಒತ್ತಾಯ ಮಾಡಿದರು, ಕಂಪನಿ ಬಿಡುಗಡೆ ಮಾಡಿತು. ಅದರಿಂದ ಓಪನ್ ಡಬ್ಲ್ಯುಆರ್‌ಟಿ ಎಂಬ, ರೌಟರ್‌ಗಳ ಮುಕ್ತ ತಂತ್ರಾಂಶ ಹುಟ್ಟಿತು. ಕಂಪನಿಗಳು ಕೈಬಿಟ್ಟ ಎಷ್ಟೋ ಹಳೆಯ ರೌಟರ್‌ಗಳು ಇವತ್ತೂ ಅದರಲ್ಲಿ ನಡೆಯುತ್ತಿವೆ. ನಮ್ಮ ಮನೆಯದೂ ಅದರಲ್ಲೇ.

ಆ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ತಿದ್ದುಪಡಿಯ ಕೊನೆಯಲ್ಲಿ ಸಹಿಯ ಜೊತೆಗೆ ಇನ್ನೂ ಎರಡು ಬಗೆಯ ಸಾಲು ಹಾಕುವುದುಂಟು. ದೋಷ ಹೇಳಿದವರು ಯಾರು, ತಿದ್ದಿದ್ದನ್ನು ಪರೀಕ್ಷೆ ಮಾಡಿ ನೋಡಿದವರು ಯಾರು. ಹುಡುಗ ಎರಡನ್ನೂ ಮಾಡಿದ್ದ. ಮೂರನೆಯ ಸಲ ಕಳಿಸುವ ಮೊದಲು ಅವನ ಮನೆಗೆ ಹೋಗಿ ಕೇಳಿದೆ, ನಿನ್ನ ಹೆಸರು ಹಾಕಲಾ ಎಂದು. ಕೇಳದೆ ಹಾಕುವ ಹಾಗಿಲ್ಲ. ಒಮ್ಮೆ ಹಾಕಿದರೆ ಅಳಿಸುವುದಕ್ಕೂ ಆಗುವುದಿಲ್ಲ ಎಂದು ಅವನ ಅಮ್ಮನಿಗೂ ಹೇಳಿದೆ. ಅವರು ಒಪ್ಪಿದರು. ಹುಡುಗ ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಮಾವ, ಇನಿಷಿಯಲ್ ಹಿಂದೆ ಹಾಕುವುದಾ, ಮುಂದೆ ಹಾಕುವುದಾ?" ಎಂದ.

ಆಮೇಲೆ ಒಳಗೆ ಹೋಗಿ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್ ತಂದು, ಅದರಲ್ಲಿ ಹೇಗಿದೆಯೋ ಹಾಗೆಯೇ ಒಂದೊಂದೇ ಅಕ್ಷರ ಓದಿ ಹೇಳಿದ. ನಾನು ಟೈಪ್ ಮಾಡಿದೆ.

ನಮಸ್ಕಾರ.