ಗಂಟೆ ತಪ್ಪಿದ ದಿನದ ಸ್ಪ್ಯಾನಿಷ್ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಮಿಷಿಗನ್ ರಾಜ್ಯದ ಒಂದು ಮಾಧ್ಯಮಿಕ ಶಾಲೆಯಲ್ಲಿ ನಾನು ಸ್ಪ್ಯಾನಿಷ್ ಕಲಿಸುತ್ತೇನೆ. ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು. ಈ ದೇಶದ ಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಕಲಿಯುವ ಪರಭಾಷೆ ಇದೇ. ವೇಳಾಪಟ್ಟಿ ಕೈಕೊಟ್ಟ ದಿನ ಭಾಷೆಯ ಪಾಠವನ್ನು ಹೇಗೆ ಉಳಿಸಿಕೊಳ್ಳುವುದು ಎಂಬುದರ ಬಗ್ಗೆ ಇಂದು ಮಾತನಾಡುತ್ತೇನೆ.

ಇಲ್ಲಿ ಅಂಥ ದಿನಗಳಿಗೆ ಬರವಿಲ್ಲ. ಜನವರಿಯಲ್ಲಿ ರಾತ್ರಿಯಿಡೀ ಹಿಮ ಬಿದ್ದರೆ, ಶಾಲೆ ಎರಡು ಗಂಟೆ ತಡ ಎಂಬ ಸಂದೇಶ ನಸುಕಿನಲ್ಲೇ ಫೋನಿಗೆ ಬರುತ್ತದೆ. ಆ ದಿನ ಪ್ರತಿ ಪೀರಿಯಡ್ ಸುಮಾರು ಅರ್ಧ ಗಂಟೆಗೆ ಇಳಿಯುತ್ತದೆ, ಕೆಲವು ಬಸ್‌ಗಳು ಬಂದಿರುವುದೇ ಇಲ್ಲ. ಹಿಮ ಇನ್ನೂ ಜೋರಾದರೆ ಪೂರ್ತಿ ರಜೆ. ವರ್ಷಕ್ಕೆ ಇಂಥ 6 ದಿನಗಳನ್ನು ರಾಜ್ಯದ ಕಾನೂನೇ ಮನ್ನಿಸುತ್ತದೆ. ಇದರ ಜೊತೆಗೆ ಪ್ರತಿ ವರ್ಷ ಕನಿಷ್ಠ 5 ಫೈರ್ ಡ್ರಿಲ್, ಅಂದರೆ ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಅಣಕು ಅಭ್ಯಾಸ, 2 ಸುಂಟರಗಾಳಿ ಡ್ರಿಲ್, ಬಾಗಿಲು ಭದ್ರಪಡಿಸಿ ಒಳಗೇ ಉಳಿಯುವ 3 ಡ್ರಿಲ್ ಕಡ್ಡಾಯ. ವಸಂತದಲ್ಲಿ ರಾಜ್ಯದ ಪರೀಕ್ಷೆಗಳು ಬಂದರೆ ವಾರಗಟ್ಟಲೆ ಗಂಟೆಗಳೆಲ್ಲ ಅದಲುಬದಲು. ಬ್ಯಾಂಡ್ ಕಾರ್ಯಕ್ರಮವಿದ್ದರೆ ಅರ್ಧ ತರಗತಿ ಖಾಲಿ.

ಒಂದೇ ಪಾಠವನ್ನು ದಿನಕ್ಕೆ ನಾಲ್ಕೈದು ವಿಭಾಗಗಳಿಗೆ ಹೇಳುವ ಶಿಕ್ಷಕರಿಗೆ ಇದು ದೊಡ್ಡ ಪೇಚು. ಬೆಳಗಿನ ವಿಭಾಗ ಮುಂದೆ ಹೋಗಿರುತ್ತದೆ, ಮಧ್ಯಾಹ್ನದ ವಿಭಾಗಕ್ಕೆ ಪಾಠವೇ ಆಗಿರುವುದಿಲ್ಲ. ಆಗ ಬಹುತೇಕರು ಮಾಡುವುದು ಎರಡೇ ಕೆಲಸ: ಮೆಕ್ಸಿಕೊದ ಕುರಿತು ಇಂಗ್ಲಿಷಿನಲ್ಲಿರುವ ಚಲನಚಿತ್ರ ಹಾಕುವುದು, ಇಲ್ಲವೇ ಪದಬಂಧದ ಹಾಳೆ ಹಂಚಿ ಕೂರಿಸುವುದು. ಶಿಕ್ಷಕರ ಆಯಾಸ ನನಗೆ ಅರ್ಥವಾಗುತ್ತದೆ, ಆದರೆ ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಅಂಥ ಪೀರಿಯಡ್‌ನಲ್ಲಿ ಮಗುವಿನ ಕಿವಿಗೆ ಒಂದೇ ಒಂದು ಸ್ಪ್ಯಾನಿಷ್ ವಾಕ್ಯವೂ ಬೀಳುವುದಿಲ್ಲ. ಅರ್ಥವಾಗುವ ಮಾತನ್ನು ಹೇರಳವಾಗಿ ಕೇಳುವುದರಿಂದಲೇ ಭಾಷೆ ದಕ್ಕುತ್ತದೆ ಎಂದು ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶೆನ್ 1980ರ ದಶಕದಿಂದ ವಾದಿಸುತ್ತ ಬಂದಿದ್ದಾರೆ. ತರಗತಿಯ ಸಮಯದಲ್ಲಿ ಶೇಕಡ 90ರಷ್ಟಾದರೂ ಕಲಿಯುವ ಭಾಷೆಯಲ್ಲೇ ಸಾಗಬೇಕು ಎಂದು ಇಲ್ಲಿನ ಪರಭಾಷಾ ಶಿಕ್ಷಕರ ರಾಷ್ಟ್ರೀಯ ಸಂಸ್ಥೆ 2010ರಲ್ಲಿ ಶಿಫಾರಸು ಮಾಡಿತು. ಇವೆರಡನ್ನೂ ನಂಬುವವರಿಗೆ ಇಪ್ಪತ್ತು ನಿಮಿಷವೂ ಪೂರ್ಣ ಪಾಠವೇ. ಅಷ್ಟು ಹೊತ್ತು ಸ್ಪ್ಯಾನಿಷ್ ಕೇಳಿಸಿದರೆ ಸಾಕು.

ಕೇಳಿಸುವುದು ಹೇಗೆ? ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಸಿದ್ಧತೆ ಬೇಡದ ಚಟುವಟಿಕೆಗಳು ಎಂದು ನಾವು ಕರೆಯುವವಕ್ಕೂ ಸಿದ್ಧತೆ ಬೇಕು, ಆದರೆ ಅದು ಆ ದಿನದ ಕೆಲಸವಲ್ಲ. ಗೊಂದಲದ ದಿನ ಹೊಸ ಆಟದ ನಿಯಮ ವಿವರಿಸಲು ಹೋದರೆ ಅರ್ಧ ಸಮಯ ಇಂಗ್ಲಿಷಿನಲ್ಲೇ ಕಳೆದುಹೋಗುತ್ತದೆ, ಉಳಿದರ್ಧ ಜಗಳದಲ್ಲಿ. ಹಾಗಾಗಿ ಶಾಲೆ ಶುರುವಾದ ಸೆಪ್ಟೆಂಬರ್‌ನಲ್ಲೇ, ಎಲ್ಲ ನೆಟ್ಟಗಿರುವ ದಿನಗಳಲ್ಲಿ, ಆರೇಳು ಚಟುವಟಿಕೆಗಳನ್ನು ಮಕ್ಕಳಿಗೆ ಪಳಗಿಸಿಡಬೇಕು. ಆಮೇಲೆ ಹೆಸರು ಹೇಳಿದರೆ ಸಾಕು, ಕುರ್ಚಿಗಳು ತಾವಾಗಿ ಸರಿಯುತ್ತವೆ.

ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಒಂದೇ ಪದದಿಂದ ಒಂದು ಪಾತ್ರವನ್ನು ಕಟ್ಟುವ ಚಟುವಟಿಕೆ. ಬೇಕಾದದ್ದು ಒಂದು ದೊಡ್ಡ ಹಾಳೆ, ಬಣ್ಣದ ಪೆನ್ನು, ಚಿತ್ರ ಬಿಡಿಸಲು ಬರುವ ಒಂದು ಮಗು. ಆ ಮಗು ಹಲಗೆಯ ಹಿಂದೆ ಕೂತು ಯಾರಿಗೂ ಕಾಣದಂತೆ ಬಿಡಿಸುತ್ತದೆ. ನಾನು ತರಗತಿಯಿಂದ ಒಂದು ವಸ್ತುವಿನ ಹೆಸರು ಕೇಳುತ್ತೇನೆ. ಯಾರೋ ‘ಪಾಪಾ’ ಎನ್ನುತ್ತಾರೆ, ಅಂದರೆ ಆಲೂಗಡ್ಡೆ. ‘ಎಸ್ ಗ್ರಾಂದೆ ಓ ಪೆಕೇನ್ಯಾ?’ ದೊಡ್ಡದೋ ಚಿಕ್ಕದೋ? ಕೈಗಳನ್ನು ಅಗಲಿಸಿ, ಕಿರಿದುಗೊಳಿಸಿ ತೋರಿಸುತ್ತಲೇ ಕೇಳುತ್ತೇನೆ. ದೊಡ್ಡದು ಎಂದರೆ, ಎಷ್ಟು ದೊಡ್ಡದು? ಶಾಲೆಯಷ್ಟೋ ಬಸ್ಸಿನಷ್ಟೋ? ಬಣ್ಣ ಯಾವುದು? ಅದಕ್ಕೆ ಎಷ್ಟು ಕಣ್ಣು? ಸಂತೋಷವಾಗಿದೆಯೋ ದುಃಖದಲ್ಲಿದೆಯೋ? ದುಃಖ ಎಂದು ಬಹುಮತ ಬರುತ್ತದೆ, ಯಾವಾಗಲೂ ಹಾಗೆಯೇ. ಏಕೆ ದುಃಖ? ಹಿಂದಿನ ಬೆಂಚಿನ ಹುಡುಗ ಹೇಳುತ್ತಾನೆ: ಅದಕ್ಕೆ ಹಿಮ ಬೇಕು, ಆದರೆ ಅದು ಇರುವುದು ಮರುಭೂಮಿಯಲ್ಲಿ!

ಇಷ್ಟಕ್ಕೂ ಬೇಕಾದ ಕ್ರಿಯಾಪದಗಳು ಬೆರಳೆಣಿಕೆಯವು. ಎಸ್, ಎಸ್ತಾ, ತ್ಯೇನೆ, ಆಯ್, ಕ್ಯೇರೆ, ಬಾ, ಲೇ ಗುಸ್ತಾ. ಇದೆ, ಹೊಂದಿದೆ, ಬೇಕು, ಹೋಗುತ್ತದೆ, ಇಷ್ಟ: ಇಷ್ಟರಲ್ಲೇ ಒಂದು ಕಥೆ ನಿಲ್ಲುತ್ತದೆ. ಗುಟ್ಟು ಇರುವುದು ಪ್ರಶ್ನೆಗಳನ್ನು ಸುತ್ತಿಸುವುದರಲ್ಲಿ. ಆಲೂಗಡ್ಡೆಗೆ ಹಿಮ ಬೇಕು ಎಂದಾದ ಮೇಲೆ, ಆಲೂಗಡ್ಡೆಗೆ ಹಿಮ ಬೇಕೇ? ಮಳೆ ಬೇಕೋ ಹಿಮ ಬೇಕೋ? ಹಿಮ ಯಾರಿಗೆ ಬೇಕು? ಮಳೆ ಬೇಕೇ? ಇಲ್ಲ, ಹಿಮ ಬೇಕು. ‘ಕ್ಯೇರೆ’ ಎಂಬ ಕ್ರಿಯಾಪದ ಒಂದೆರಡು ನಿಮಿಷದಲ್ಲಿ ಹತ್ತಾರು ಸಲ ಕಿವಿಗೆ ಬಿದ್ದಿರುತ್ತದೆ, ಮಕ್ಕಳಿಗೆ ಒಮ್ಮೆಯೂ ಬೇಸರ ಬಂದಿರುವುದಿಲ್ಲ, ಏಕೆಂದರೆ ಅವರ ಗಮನವೆಲ್ಲ ಆಲೂಗಡ್ಡೆಯ ಮೇಲೆ. ಕೊನೆಗೆ ಚಿತ್ರವನ್ನು ತಿರುಗಿಸಿ ತೋರಿಸಿದಾಗ ಏಳುವ ಕೂಗಾಟವನ್ನು ನೀವು ಕೇಳಬೇಕು. ಗಂಟೆ ನಡುವೆಯೇ ಬಾರಿಸಿದರೂ ಚಿಂತೆಯಿಲ್ಲ, ಹಾಳೆಯನ್ನು ಗೋಡೆಗೆ ಅಂಟಿಸಿ ನಾಳೆ ಮುಂದುವರಿಸಬಹುದು. ಒಂದೊಂದು ವಿಭಾಗಕ್ಕೂ ಅದರದೇ ಪಾತ್ರ ಹುಟ್ಟುವುದರಿಂದ, ಯಾರು ಮುಂದೆ ಯಾರು ಹಿಂದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ವೇಳೆ ಏರುಪೇರಾದ ದಿನಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಮೈ ಜಡಗಟ್ಟಿದ ಪರೀಕ್ಷಾ ದಿನಗಳಿಗೆ ಎದ್ದು ಆಡುವ ಆಟ ಬೇಕು. ಲ್ಯಾಟಿನ್ ಅಮೆರಿಕದ ಮಕ್ಕಳು ‘ಮಾರ್ ಇ ತ್ಯೆರ್ರಾ’ ಎಂಬ ಆಟ ಆಡುತ್ತಾರೆ. ನೆಲದ ಮೇಲೆ ಒಂದು ಗೆರೆ, ಒಂದು ಬದಿ ಕಡಲು, ಇನ್ನೊಂದು ಬದಿ ನೆಲ. ಕೂಗಿದ ಕಡೆಗೆ ನೆಗೆಯಬೇಕು, ತಪ್ಪಿದವರು ಹೊರಗೆ. ನಾವು ಚಿಕ್ಕಂದಿನಲ್ಲಿ ಆಡಿದ ಕೆರೆ-ದಡವೇ ಇದು! ಕೆರೆ ಎಂದು ಕೂಗಿ ದಡಕ್ಕೆ ನೆಗೆಯುವಂತೆ ಏಮಾರಿಸುತ್ತಿದ್ದದ್ದು ನಿಮಗೂ ನೆನಪಿರಬಹುದು. ನಾನು ಇದನ್ನು ಸ್ವಲ್ಪ ಬದಲಿಸಿದ್ದೇನೆ. ಒಂದು ಬದಿ ನಿಜ, ಇನ್ನೊಂದು ಬದಿ ಸುಳ್ಳು. ‘ಆಲೂಗಡ್ಡೆಗೆ ಮೂರು ಕಣ್ಣಿವೆ’ ಎಂದು ಸ್ಪ್ಯಾನಿಷಿನಲ್ಲಿ ಹೇಳಿದರೆ ಯೋಚಿಸಿ ನೆಗೆಯಬೇಕು. ಔಟಾದವರನ್ನು ಸುಮ್ಮನೆ ನಿಲ್ಲಿಸದೆ, ಮುಂದಿನ ವಾಕ್ಯ ಹೇಳುವ ಕೆಲಸ ಕೊಡುತ್ತೇನೆ.

ಸ್ಪ್ಯಾನಿಷ್ ಬಾರದ ಬದಲಿ ಶಿಕ್ಷಕರು ಬರುವ ದಿನಕ್ಕೆ ‘ಬಾಸ್ತಾ’ ಇದೆ. ಮೆಕ್ಸಿಕೊದಲ್ಲಿ ಈ ಹೆಸರು, ಅರ್ಜೆಂಟೀನಾದಲ್ಲಿ ‘ತುತ್ತಿ ಫ್ರುತ್ತಿ’. ನಮ್ಮ ಮಕ್ಕಳು ಹೆಸರು-ಊರು-ಪ್ರಾಣಿ-ವಸ್ತು ಎಂದು ಆಡುವುದು ಇದನ್ನೇ. ಪ ಅಕ್ಷರ ಬಂದರೆ ಪೇದ್ರೊ, ಪೆರೂ, ಪೆರ್ರೊ, ಪೇರಾ, ಪುಯೆರ್ತಾ: ಹೆಸರು, ದೇಶ, ನಾಯಿ, ಪಿಯರ್ ಹಣ್ಣು, ಬಾಗಿಲು. ಮೊದಲು ಮುಗಿಸಿದವರು ‘ಬಾಸ್ತಾ!’ ಎಂದು ಕೂಗಿದರೆ ಎಲ್ಲರೂ ಪೆನ್ಸಿಲ್ ಕೆಳಗಿಡಬೇಕು. ಬೇರೆ ಯಾರೂ ಬರೆಯದ ಪದಕ್ಕೆ ಹೆಚ್ಚು ಅಂಕ. ಸ್ಪ್ಯಾನಿಷಿನಲ್ಲಿ ಅಪರೂಪವಾದ ಕೆ ಮತ್ತು ಡಬ್ಲ್ಯೂ ಅಕ್ಷರಗಳನ್ನು ಕೊಡಬೇಡಿ ಎಂದು ಒಂದು ಚೀಟಿ ಬರೆದಿಡುತ್ತೇನೆ, ಅಷ್ಟೆ.

ನಮ್ಮ ತಂಬೋಲಾವನ್ನು ಹೋಲುವ ಮೆಕ್ಸಿಕೊದ ಲೊತೆರೀಆ ಆಟಕ್ಕೆ ಚಿತ್ರದ ಎಲೆಗಳು 54. ಆಟಗಾರರ ಹಲಗೆಯಲ್ಲಿ 16 ಚಿತ್ರ, ಗುರುತಿಗೆ ಒಣ ಕಾಳು. ಎಲೆ ಎತ್ತಿದವರು ಹೆಸರನ್ನು ನೇರವಾಗಿ ಹೇಳದೆ ಒಗಟಿನಂಥ ಸಾಲು ಹೇಳುವ ಸಂಪ್ರದಾಯವಿದೆ. ‘ಸಂತ ಪೇದ್ರೊಗೆ ಕೂಗಿದವನು’ ಎಂದರೆ, ಬೈಬಲಿನ ಕಥೆಯಂತೆ, ಹುಂಜ. ಕೊಂಡುತಂದ ಎಲೆಗಳು ಬೇಕೆಂದಿಲ್ಲ. ಒಂದು ಹಾಳೆಯನ್ನು ಅಡ್ಡಕ್ಕೆ ಎರಡು ಸಲ, ಉದ್ದಕ್ಕೆ ಎರಡು ಸಲ ಮಡಿಸಿ ಬಿಡಿಸಿದರೆ 16 ಮನೆ ಆಗುತ್ತವೆ. ಕಲಿತ ಪದಗಳಲ್ಲಿ ತಮಗೆ ಬೇಕಾದವನ್ನು ಮಕ್ಕಳೇ ಚಿತ್ರಿಸಿಕೊಳ್ಳುತ್ತಾರೆ. ನಾನು ಪದ ಹೇಳದೆ, ‘ಅದು ಆಕಾಶದಲ್ಲಿದೆ, ಹಳದಿ, ರಾತ್ರಿ ಕಾಣುವುದಿಲ್ಲ’ ಎಂದು ಸುಳಿವು ಕೊಡುತ್ತೇನೆ. ಡೆಟ್ರಾಯಿಟ್‌ನ ನೈಋತ್ಯ ಭಾಗದಲ್ಲಿ ಮೆಕ್ಸಿಕನ್ ಕುಟುಂಬಗಳ ಹಳೆಯ ನೆಲೆಯೇ ಇರುವುದರಿಂದ, ಈ ರಾಜ್ಯದ ತರಗತಿಗಳಲ್ಲಿ ಅಜ್ಜಿಯೊಂದಿಗೆ ಲೊತೆರೀಆ ಆಡಿದ ಮಕ್ಕಳು ಸಿಗುತ್ತಾರೆ. ಅವರನ್ನು ದುಭಾಷಿಗಳನ್ನಾಗಿ ದುಡಿಸಿಕೊಳ್ಳುವುದು ತಪ್ಪು. ಮನಸ್ಸಿದ್ದರೆ ಎಲೆ ಕೂಗುವ ಹಿರಿತನವನ್ನು ಅವರಿಗೆ ಬಿಟ್ಟುಕೊಡಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಇವು ಯಾವುವೂ ಸಲ್ಲವು. ಬಂದೂಕು ಹಿಡಿದವರು ಶಾಲೆಗೆ ನುಗ್ಗಿದರೆ ಎಂದು ಬಾಗಿಲು ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ಡ್ರಿಲ್ ಮುಗಿದ ಮೇಲೆ ಮಕ್ಕಳ ಮುಖ ನೋಡಿದರೆ ಕರುಳು ಚುರುಕ್ಕೆನ್ನುತ್ತದೆ. ಕೆಲವರು ವಿಪರೀತ ನಗುತ್ತಾರೆ, ಕೆಲವರು ಮಾತೇ ಆಡುವುದಿಲ್ಲ. ಆಗ ಕೂಗಾಟದ ಆಟ, ಗೆಲುವು ಸೋಲು ಬೇಡವೇ ಬೇಡ. ಮಾತನಾಡಬೇಕೆನ್ನುವವರ ಮಾತನ್ನು ಮೊದಲು ಕೇಳುತ್ತೇನೆ, ಇಂಗ್ಲಿಷಿನಲ್ಲೇ. ಆಮೇಲೆ ಎಲ್ಲರಿಗೂ ಖಾಲಿ ಹಾಳೆ ಕೊಟ್ಟು ನಿಧಾನವಾಗಿ ಉಕ್ತಲೇಖನ ಶುರು ಮಾಡುತ್ತೇನೆ, ಬರೆಯುವುದಲ್ಲ, ಬಿಡಿಸುವುದು. ಒಂದು ಮನೆ ಇದೆ. ಮನೆಯ ಪಕ್ಕದಲ್ಲಿ ಮರ ಇದೆ. ಮರದ ಕೆಳಗೆ ಬೆಕ್ಕು ಮಲಗಿದೆ. ಒಂದೊಂದು ವಾಕ್ಯವನ್ನೂ ಎರಡೆರಡು ಸಲ, ತಗ್ಗಿದ ದನಿಯಲ್ಲಿ. ಯಾರೂ ಉತ್ತರ ಹೇಳಬೇಕಿಲ್ಲ, ಪೆನ್ಸಿಲ್ ಓಡಿದರೆ ಅರ್ಥವಾಯಿತೆಂದೇ ಲೆಕ್ಕ. ಆ ಹಾಳೆಗಳಿಗೆ ನಾನು ಅಂಕ ಹಾಕುವುದಿಲ್ಲ.

ಕರ್ನಾಟಕದ ಶಿಕ್ಷಕರಿಗೂ ಇಂಥ ದಿನಗಳು ಹೊಸದಲ್ಲ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜುಲೈ ತಿಂಗಳ ಮಳೆಗೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ, ಮರುದಿನ ಅರ್ಧ ಮಕ್ಕಳೇ ಬರುತ್ತಾರೆ. ಅಲ್ಲಿ ಇಂಗ್ಲಿಷ್ ಅಥವಾ ಹಿಂದಿ ಕಲಿಸುವವರು ಕೆರೆ-ದಡವನ್ನೂ ಆಲೂಗಡ್ಡೆಯನ್ನೂ ಹಾಗೆಯೇ ಎತ್ತಿಕೊಳ್ಳಬಹುದು, ಕಲಿಸುವ ಭಾಷೆ ಮಾತ್ರ ಬೇರೆ. ಶಾಲೆ ಶುರುವಾದ ಮೊದಲ ವಾರಗಳಲ್ಲಿ ಒಂದು ಆಟವನ್ನು ಪಳಗಿಸಿ ನೋಡಿ, ಎರಡನೆಯದನ್ನು ಮಕ್ಕಳೇ ಕೇಳುತ್ತಾರೆ.

ನಮಸ್ಕಾರ.