ಪುಸ್ತಕ ಮುಚ್ಚಿದ ಮೇಲಿನ ಓದು

ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕ ಬಂಧುಗಳೇ, ತಂದೆತಾಯಂದಿರೇ,

ಪರೀಕ್ಷೆ ಹತ್ತಿರ ಬಂತು. ಈಗ ಎಲ್ಲರ ಮನೆಯಲ್ಲೂ ಒಂದೇ ಮಾತು: ‘ಕೂತು ಓದು.’ ಹೇಗೆ ಓದಬೇಕು ಅಂತ ಹೇಳುವವರು ಕಡಿಮೆ. ಹುಡುಗ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾನೆ, ಒಂದೇ ಪಾಠವನ್ನು ನಾಲ್ಕು ಸಲ ಓದುತ್ತಾನೆ, ಪುಟವೆಲ್ಲ ಹಳದಿಯಾಗುವ ಹಾಗೆ ಹೈಲೈಟರ್ ಎಳೆಯುತ್ತಾನೆ. ಪರೀಕ್ಷೆಯ ದಿನ ಪ್ರಶ್ನೆ ನೋಡಿದರೆ, ಉತ್ತರ ಯಾವ ಪುಟದ ಯಾವ ಮೂಲೆಯಲ್ಲಿತ್ತು ಎನ್ನುವುದು ಕಣ್ಣಿಗೆ ಕಟ್ಟುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ‘ನೆಟ್ಟಗೆ ಓದಿಲ್ಲ’ ಅಂತ ನಾವು ಬೈಯುತ್ತೇವೆ. ಅವನು ಸೋಮಾರಿಯಲ್ಲ, ಪಟ್ಟ ಕಷ್ಟ ಸುಳ್ಳಲ್ಲ. ಆ ಕಷ್ಟವನ್ನು ಎಲ್ಲಿ ಪಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅದನ್ನು ಹೇಳಬೇಕು ಅಂತಲೇ ಇಲ್ಲಿಗೆ ಬಂದೆ.

ನಾನು ಹೇಳುವುದು ಇಷ್ಟೆ. ಪುಸ್ತಕ ತೆರೆದು ಓದುವುದು ಅರ್ಧ ಕೆಲಸ. ಪುಸ್ತಕ ಮುಚ್ಚಿ, ಓದಿದ್ದನ್ನು ತಲೆಯಿಂದ ಹೊರಗೆ ತೆಗೆಯುವುದು ಉಳಿದರ್ಧ. ನಮ್ಮ ಮಕ್ಕಳು ಮೊದಲ ಅರ್ಧವನ್ನೇ ಎರಡೆರಡು ಸಲ ಮಾಡುತ್ತಿದ್ದಾರೆ.

2006ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಚಿಕ್ಕ ಪಾಠ ಕೊಟ್ಟರು. ಒಂದು ಸೂರ್ಯನ ಮೇಲೆ, ಇನ್ನೊಂದು ಕಡಲಿನ ನೀರುನಾಯಿಯ ಮೇಲೆ. ಒಂದು ಪಾಠವನ್ನು ಓದಿ ಮತ್ತೊಮ್ಮೆ ಓದಬೇಕು. ಇನ್ನೊಂದನ್ನು ಓದಿ, ಪಕ್ಕಕ್ಕಿಟ್ಟು, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಬೇಕು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಮತ್ತೆ ಓದಿದ ಪಾಠವೇ ಗೆದ್ದಿತು: ಅದರಲ್ಲಿ ಶೇಕಡಾ 81 ನೆನಪಿತ್ತು, ಬರೆದು ನೋಡಿದ್ದರಲ್ಲಿ 75. ವಾರ ಕಳೆದ ಮೇಲೆ ಲೆಕ್ಕ ತಲೆಕೆಳಗಾಯಿತು. ಮತ್ತೆ ಓದಿದ್ದು 42ಕ್ಕೆ ಇಳಿದಿತ್ತು, ಬರೆದು ನೋಡಿದ್ದು 56ರಲ್ಲಿ ನಿಂತಿತ್ತು.

ಅವರು ಅಷ್ಟಕ್ಕೆ ಬಿಡಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಒಂದು ಗುಂಪಿಗೆ ನಾಲ್ಕು ಅವಧಿಯೂ ಬರೀ ಓದು. ಅವರು ಸರಾಸರಿ 14 ಸಲ ಪಾಠ ಓದಿ ಮುಗಿಸಿದರು. ಇನ್ನೊಂದು ಗುಂಪು ಒಂದೇ ಅವಧಿ ಓದಿತು, ಅಂದರೆ ಮೂರು ಸಲ, ಸ್ವಲ್ಪ ಹೆಚ್ಚು. ಉಳಿದ ಮೂರು ಅವಧಿ ಖಾಲಿ ಹಾಳೆ. ಒಂದು ವಾರದ ನಂತರ 14 ಸಲ ಓದಿದವರ ನೆನಪು ಶೇಕಡಾ 40, ಖಾಲಿ ಹಾಳೆಯವರದು 61. ‘ನನಗೆ ಇದು ಚೆನ್ನಾಗಿ ನೆನಪಿರುತ್ತದೆ’ ಎನ್ನುವ ಧೈರ್ಯ ಯಾರಿಗೆ ಹೆಚ್ಚಿತ್ತು ಗೊತ್ತೇ? 14 ಸಲ ಓದಿದವರಿಗೆ!

ನನಗೆ ಸಂಕಟವಾಗುವುದು ಇಲ್ಲೇ. ಮತ್ತೆ ಮತ್ತೆ ಓದಿದಾಗ ಪಾಠ ಪರಿಚಯದ ಮುಖವಾಗುತ್ತದೆ. ಮದುವೆ ಮನೆಯಲ್ಲಿ ಒಬ್ಬರು ಎದುರಾಗುತ್ತಾರೆ, ಮುಖ ಚೆನ್ನಾಗಿ ಗೊತ್ತು, ನಗುತ್ತೀರಿ, ಕುಶಲ ಕೇಳುತ್ತೀರಿ. ಹೆಸರು ಏನು ಮಾಡಿದರೂ ಬಾಯಿಗೆ ಬರುವುದಿಲ್ಲ. ಪ್ರಶ್ನೆಪತ್ರಿಕೆ ಕೇಳುವುದು ಹೆಸರನ್ನು. ಖಾಲಿ ಹಾಳೆಯ ಮುಂದೆ ಕೂತಾಗ ತಡವರಿಸುತ್ತೀರಲ್ಲ, ‘ಅಯ್ಯೋ, ಏನೂ ಬರುತ್ತಿಲ್ಲ’ ಅನ್ನಿಸುತ್ತದಲ್ಲ, ಆ ತಡವರಿಕೆಯೇ ಕಲಿಕೆ ನಡೆಯುವ ಹೊತ್ತು. ಅಲ್ಲಿಂದ ಎದ್ದು ಓಡಬೇಡಿ. ಬಂದಷ್ಟು ಬರೆದು, ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ನಾಳೆ ಓದಬೇಕಾದದ್ದು ಆ ಬಣ್ಣದ ಸಾಲುಗಳನ್ನು ಮಾತ್ರ.

ತಂದೆತಾಯಂದಿರಲ್ಲಿ ಒಂದು ಬೇಡಿಕೆ. ಮಗ ಪುಸ್ತಕ ಮುಚ್ಚಿ ಗೋಡೆ ನೋಡುತ್ತಾ ತುಟಿ ಅಲ್ಲಾಡಿಸುತ್ತಿದ್ದರೆ ಗದರಬೇಡಿ. ಬಹುಶಃ ಅವನು ಆಗಲೇ ಓದುತ್ತಿರುವುದು. (ಹೌದು, ಪಕ್ಕದಲ್ಲಿ ಮೊಬೈಲ್ ಇದ್ದರೆ ಮಾತು ಬೇರೆ.)

ಹಾಗಾದರೆ ಬಾಯಿಪಾಠ ಬೇಡವೇ ಅಂತ ಯಾವಾಗಲೂ ಕೇಳುತ್ತಾರೆ. ಬೇಕು. ಮಗ್ಗಿ ಬಾಯಿಗೆ ಬರಲೇಬೇಕು. ವೇದಪಾಠದಲ್ಲಿ ಗುರು ಹೇಳಿದ್ದನ್ನು ಶಿಷ್ಯ ಪುಸ್ತಕವಿಲ್ಲದೆ ಹೇಳಿ ಒಪ್ಪಿಸಬೇಕಿತ್ತು. ಅದೇ ಮಂತ್ರವನ್ನು ಪದ ಪದವಾಗಿ ಬಿಡಿಸಿ, ಎರಡೆರಡು ಪದ ಜೋಡಿಸಿ, ಹಿಂದುಮುಂದು ಮಾಡಿ, ಪದ, ಕ್ರಮ, ಜಟೆ, ಘನ ಅಂತ ಹೇಳುತ್ತಿದ್ದರು. ಅಲ್ಲೂ ಕೆಲಸ ಮಾಡುತ್ತಿದ್ದದ್ದು ಮುಚ್ಚಿದ ಪುಸ್ತಕವೇ. ನನ್ನ ತಕರಾರು ಅರ್ಥ ಗೊತ್ತಿಲ್ಲದೆ ಗೈಡಿನ ಉತ್ತರ ಉರು ಹೊಡೆಯುವುದರ ಬಗ್ಗೆ.

ಅರ್ಥದ ಮಾತು ಬಂದದ್ದರಿಂದ ನನ್ನ ಒಬ್ಬ ವಿದ್ಯಾರ್ಥಿನಿಯ ಕಥೆ ಹೇಳಬೇಕು. ನಾನು ಇತಿಹಾಸ ಪಾಠ ಮಾಡುತ್ತಿದ್ದ ದಿನಗಳು. ಆ ಹುಡುಗಿ ಸಂಜೆ ಅಡುಗೆಮನೆಯಲ್ಲಿ ಅಜ್ಜಿಗೆ ಪಾಠ ಒಪ್ಪಿಸುತ್ತಿದ್ದಳು. ಅಜ್ಜಿ ಶಾಲೆಗೆ ಹೋದವರಲ್ಲ, ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನ ಕಡೆಯವರು. ಹುಡುಗಿ, ‘1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಾವೇ ವಹಿಸಿಕೊಂಡರು, 1881ರಲ್ಲಿ ಒಡೆಯರಿಗೆ ಮರಳಿಸಿದರು’ ಅಂದಳು. ಅಜ್ಜಿ ಸೊಪ್ಪು ಬಿಡಿಸುತ್ತಲೇ, ‘ಅದು ಸರಿ ಪುಟ್ಟಿ, ಯಾಕೆ ತಗೊಂಡ್ರು?’ ಅಂದರು. ‘ದಂಗೆ ಆಗಿತ್ತಂತೆ ಅಜ್ಜಿ.’ ‘ಎಲ್ಲಿ?’ ‘ನಗರದಲ್ಲಿ.’ ‘ಯಾವ ನಗರ, ನಮ್ಮ ನಗರವಾ? ಯಾರು ದಂಗೆ ಎದ್ದಿದ್ದು?’ ಹುಡುಗಿಗೆ ಗೊತ್ತಿರಲಿಲ್ಲ. ಮಾರನೆಯ ದಿನ ನನ್ನ ಹತ್ತಿರ ಓಡಿಬಂದಳು. ರೈತರು ಎದ್ದರು, ಕಂದಾಯದ ಹೊರೆಗೆ, ಅಧಿಕಾರಿಗಳ ಕಾಟಕ್ಕೆ ಬೇಸತ್ತು ಎದ್ದರು ಎಂದೆ. ಸಂಜೆ ಅಜ್ಜಿಯ ಇನ್ನೊಂದು ಪ್ರಶ್ನೆ ಸಿದ್ಧ: ‘50 ವರ್ಷ ಆಳಿದವರು ಸುಮ್ಮನೆ ಬಿಟ್ಟುಕೊಟ್ಟರಾ?’ ಮತ್ತೆ ಬಂದಳು. ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟುಬಿಡದೆ ಅರ್ಜಿ ಹಾಕಿದ್ದು, ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು, ಆ ದತ್ತುವನ್ನು 1867ರಲ್ಲಿ ಬ್ರಿಟಿಷರು ಒಪ್ಪಿದ್ದು, ಎಲ್ಲ ಹೇಳಿದೆ. ಹೀಗೆ ಒಂದು ಸಾಲಿನ ಹಿಂದೆ ಒಂದು ಅಧ್ಯಾಯ ತೆರೆದುಕೊಂಡಿತು. ಎರಡು ಇಸವಿಗಳನ್ನು ಅವಳು ಉರು ಹೊಡೆಯಲೇ ಇಲ್ಲ, ಮರೆಯಲೂ ಇಲ್ಲ. ಅಕ್ಷರ ಬಾರದ ಆ ತಾಯಿಯ ‘ಯಾಕೆ’ ಮಾಡಿದ ಕೆಲಸವನ್ನು ನನ್ನ ನೋಟ್ಸ್ ಮಾಡಿರಲಿಲ್ಲ.

ಅಜ್ಜಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಆಗ ನಾವೇ ಕೇಳಿಕೊಳ್ಳಬೇಕು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲೇ ಇದಕ್ಕೊಂದು ಕ್ರಮ ಕೊಟ್ಟರು: ಮೊದಲು ಪಾಠದ ಮೇಲೆ ಕಣ್ಣಾಡಿಸು, ತಲೆಬರಹವನ್ನು ಪ್ರಶ್ನೆಯಾಗಿಸು, ಉತ್ತರ ಹುಡುಕುತ್ತಾ ಓದು, ಪುಸ್ತಕ ನೋಡದೆ ಹೇಳು, ಕೊನೆಗೆ ಮತ್ತೆ ಪರಿಶೀಲಿಸು. ‘ನಗರ ದಂಗೆ’ ಎನ್ನುವ ತಲೆಬರಹ ಕಂಡರೆ ‘ನಗರದ ರೈತರು ಯಾಕೆ ಎದ್ದರು?’ ಅಂತ ಪೆನ್ಸಿಲಿನಲ್ಲಿ ಅಂಚಿಗೆ ಬರೆಯಿರಿ. ಹೈಲೈಟರ್‌ಗಿಂತ ಆ ಪೆನ್ಸಿಲ್ ಮೇಲು. 2013ರಲ್ಲಿ ಡನ್ಲಾಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದಾಗ, ಗೆರೆ ಎಳೆಯುವುದೂ ಸುಮ್ಮನೆ ಮತ್ತೆ ಓದುವುದೂ ಕೆಳಗಿನ ಸಾಲಿಗೆ ಬಂದವು. ತನ್ನನ್ನೇ ಪರೀಕ್ಷಿಸಿಕೊಳ್ಳುವುದು, ಹಲವು ದಿನಗಳಿಗೆ ಹಂಚಿ ಓದುವುದು, ಇವೆರಡು ಮೇಲೆ ನಿಂತವು.

ಹಂಚಿ ಓದುವುದರ ಬಗ್ಗೆ ಹೇಳಬೇಕಾದದ್ದು ಬಹಳ ಇದೆ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ತನ್ನ ಮರೆವನ್ನೇ ಅಳೆದವರು. ಒಂದೇ ದಿನದ 68 ಆವರ್ತನೆ ಕೊಟ್ಟ ಫಲವನ್ನು ಮೂರು ದಿನಕ್ಕೆ ಹಂಚಿದ 38 ಆವರ್ತನೆಗಳೇ ಕೊಟ್ಟವು ಅಂತ 1885ರಲ್ಲೇ ಬರೆದಿದ್ದಾರೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಓದುವವರು ಈ ಲೆಕ್ಕ ನೋಡಬೇಕು.

ಸಮಯವಾಯಿತು ಅಂತ ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಗಣಿತದಲ್ಲಿ ಒಂದೇ ಜಾತಿಯ ಲೆಕ್ಕಗಳನ್ನು ಸಾಲಾಗಿ ಮಾಡಬೇಡಿ. ಬೇರೆ ಬೇರೆ ಅಧ್ಯಾಯದವನ್ನು ಕಲೆಸಿಕೊಳ್ಳಿ, ಯಾವ ಸೂತ್ರ ಹಾಕಬೇಕು ಎನ್ನುವುದೇ ಪರೀಕ್ಷೆಯಲ್ಲಿ ಅರ್ಧ ಲೆಕ್ಕ. ಗೆಳೆಯರ ಜೊತೆ ಓದುವುದಾದರೆ ಒಬ್ಬರಿಗೊಬ್ಬರು ಪ್ರಶ್ನೆ ಹಾಕಿ, ಒಟ್ಟಿಗೆ ಕೂತು ಮೌನವಾಗಿ ಓದುವುದರಿಂದ ಏನೂ ಲಾಭವಿಲ್ಲ. ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲೆಂದು ಕೊಡುವ ಪ್ರಶ್ನೋತ್ತರದ ಕೈಪಿಡಿ, ಕೈಯಲ್ಲಿದ್ದರೆ ಮೊದಲು ಪ್ರಶ್ನೆಗೆ ಉತ್ತರಿಸಿ, ಆಮೇಲೆ ಅಲ್ಲಿನ ಉತ್ತರ ನೋಡಿ.

ಅಧ್ಯಾಪಕ ಮಿತ್ರರೇ, ನಿಮ್ಮಲ್ಲಿ ಒಂದೇ ಪ್ರಾರ್ಥನೆ. ತರಗತಿಯ ಮೊದಲ ಐದು ನಿಮಿಷ ಮಕ್ಕಳಿಗೆ ಬಿಟ್ಟುಕೊಡಿ. ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ: ಒಂದು ನಿನ್ನೆಯ ಪಾಠದ್ದು, ಒಂದು ಕಳೆದ ವಾರದ್ದು, ಒಂದು ಕಳೆದ ತಿಂಗಳಿನದು. ಅಂಕ ಕೊಡಬೇಡಿ, ಹೆಸರು ಕೂಗಿ ಎಬ್ಬಿಸಿ ನಿಲ್ಲಿಸಬೇಡಿ. ಮಕ್ಕಳೇ ಬರೆಯಲಿ, ಮಕ್ಕಳೇ ತಿದ್ದಿಕೊಳ್ಳಲಿ. ಸಿಲಬಸ್ ಮುಗಿಯುವುದಿಲ್ಲ ಎನ್ನುತ್ತೀರಿ, ನಿಮ್ಮ ಒತ್ತಡ ನನಗೆ ಗೊತ್ತು. ಸೋಮವಾರದಿಂದ ಒಂದೇ ಒಂದು ವಿಭಾಗದಲ್ಲಿ ಶುರುಮಾಡಿ, ಮುಂದಿನ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಇನ್ನೊಂದು ವಿಭಾಗದವುಗಳ ಪಕ್ಕದಲ್ಲಿಟ್ಟು ನೋಡಿ. ನೋಡಿದ ಮೇಲೆ ನನ್ನನ್ನು ಮತ್ತೊಮ್ಮೆ ಕರೆಯಿರಿ, ನೀವು ಹೇಳಿದ್ದನ್ನು ನಾನು ಕೇಳುತ್ತೇನೆ. ನಮಸ್ಕಾರ.